ತೋಳದ ಮೈಗೂದಲು

ಮಹಾದೇವ ಚೀಲವನ್ನು ಯಾಕೂಬನ ಅಂಗಡಿಯೊಳಗೆ ಇಳಿಸಿದ ಕೂಡಲೇ ಪ್ರಾಚಿ ಎದುರು ಕಟ್ಟೆಯ ಮರೆಯಿಂದ ಫೋಟೋ ತೆಗೆದಳು. ಚೀಲದ ಬಾಯಿಂದ ಬೂದು ಬಣ್ಣದ ಕೂದಲಿನ ಗೊಂಚಲೊಂದು ಇಣುಕುತ್ತಿತ್ತು.

ನಾಲ್ಕು ರವಿವಾರದಿಂದ ಇದೇ ನಡೆದಿತ್ತು. ಸಾರವಾಡದಲ್ಲಿ ಆಡು ಕಾಯುವ ಮಹಾದೇವ ಬೆಳಗಿನ ಬಸ್ಸಿಗೆ ಜೋರಾಪುರ ಪೇಟೆಗೆ ಬರುವುದು, ಬೋರ್ಡು ಬರೆಯುವ ಮುದುಕ ಯಾಕೂಬನಿಗೆ ಚೀಲ ಕೊಡುವುದು, ಇಬ್ಬರೂ ಒಳಗೆ ಸೇರಿ ಬಾಗಿಲು ಮುಚ್ಚಿಕೊಳ್ಳುವುದು. ಹೋದ ವಾರ ಮೆಟ್ಟಿಲ ಮೇಲೆ ಬಿದ್ದಿದ್ದ ನಾಲ್ಕೆಳೆ ಕೂದಲನ್ನು ಪ್ರಾಚಿ ಡೈರಿಯ ಹಾಳೆಗೆ ಅಂಟಿಸಿ ಕೆಳಗೆ ಬರೆದಿದ್ದಳು: ತೋಳದ್ದೇ.

ಅವಳಿಗಲ್ಲದೆ ಇನ್ನಾರಿಗೆ ಗೊತ್ತಾಗಬೇಕು? ಡಿಗ್ರಿ ಮುಗಿಸಿ ಮನೆಯಲ್ಲಿ ಕೂತು, ಮೂರು ತಿಂಗಳು ತಿಕೋಟಾ ಬಯಲಿನ ತೋಳವೊಂದರ ಚಿತ್ರ ಬರೆದವಳು ಅವಳು. ಒಂದೊಂದೇ ಎಳೆಯಾಗಿ ಬರೆದಿದ್ದಳು. ಹವಾಮಾನ ಮತ್ತು ವನ್ಯಜೀವಿ ಮಾರಾಟದ ಬಗ್ಗೆ ಹೊರದೇಶದಲ್ಲಿ ನಡೆಯುವ ಅಂತರರಾಷ್ಟ್ರೀಯ ಸಮ್ಮೇಳನದ ಸಭಾಂಗಣಕ್ಕೆ ಆ ಚಿತ್ರ ಆಯ್ಕೆಯಾಗಿತ್ತು. ನಾಳೆ ಕೊರಿಯರ್ ಹೋಗಬೇಕು. ಆರು ಪುಟದ ಅರ್ಜಿಯನ್ನೂ ತುಂಬಿಟ್ಟಿದ್ದಳು. ‘ಈ ಕೃತಿಗಾಗಿ ಯಾವ ವನ್ಯಪ್ರಾಣಿಗೂ ಹಾನಿಯಾಗಿಲ್ಲ’ ಎಂಬಲ್ಲಿ ಸಹಿ ಹಾಕುವಾಗ, ಬಣ್ಣ ಬಳಿದರೆ ಯಾವ ಪ್ರಾಣಿಗೆ ಏನಾದೀತು ಎಂದು ನಗು ಬಂದಿತ್ತು.

ನಗು ಅಲ್ಲಿಗೇ ಮುಗಿದಿತ್ತು. ದೇಶ ದೇಶದವರು ಸೇರುತ್ತಾರೆ, ಮಾತಾಡುತ್ತಾರೆ, ಮುಂದಿನ ಸಮ್ಮೇಳನದ ತಾರೀಖು ಬರೆದುಕೊಂಡು ಏಳುತ್ತಾರೆ. ಇಲ್ಲಿ ಹಾಡಹಗಲೇ ಅವಳ ಓಣಿಗೆ ಚೀಲ ಬರುತ್ತದೆ. ಅರಣ್ಯ ಕಚೇರಿಗೆ ಮೂರು ಸಲ ಫೋನು ಮಾಡಿದ್ದಳು. “ಬರೇ ಸಂಶಯದ ಮ್ಯಾಲೆ ಬರಾಕ ಆಗೂದಿಲ್ರಿ, ಏನರ ಸಾಕ್ಷಿ ಕಳಸ್ರಿ” ಎಂದಿದ್ದರು. ಗಟ್ಟಿಯಾಗಿ ಮಾತಾಡಲು ಬಾರದವಳ ಸಿಟ್ಟೆಲ್ಲ ಡೈರಿ ಸೇರಿತ್ತು.

ಯಾಕೂಬನ ನಡತೆಯೂ ಸರಿಯಿರಲಿಲ್ಲ. ಅವಳು ಶಾಲೆಯಲ್ಲಿದ್ದಾಗ ತಾನೇ ಕಟ್ಟಿದ ಬ್ರಷ್ ಕೊಟ್ಟವನು ಅವನು. ನೀರಿಗೆ ಅದ್ದಿದರೆ ಸೂಜಿಯಂತೆ ಮೊನೆ ನಿಲ್ಲುವ ಬ್ರಷ್. ತೋಳದ ಮೈಯೆಲ್ಲ ಅದರಿಂದಲೇ ಮೂಡಿತ್ತು. ಕೆಲಸವಿಲ್ಲದಾಗ ಅದನ್ನು ತುರುಬಿಗೆ ಸಿಕ್ಕಿಸಿಕೊಳ್ಳುವುದು ಅವಳ ರೂಢಿ. ಈಚೆಗೆ ಅವಳನ್ನು ಕಂಡರೆ ಮುದುಕನ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

“ಯವ್ವಾ, ಅದನ್ನ ನನಗ ತಿರುಗಿ ಕೊಡು. ಹೊಸಾವು ಎರಡು ಒಯ್ಯಿ.”

“ಯಾಕ ಚಾಚಾ?”

“ಅಂಥಾದ್ದು ಈಗ ನನ್ನ ಕೈಲೆ ಆಗೂದಿಲ್ಲ.”

ವಯಸ್ಸಾಯಿತು, ಹಳೆಯ ಕೈಚಳಕದ ಮೇಲೆ ಆಸೆ ಎಂದುಕೊಂಡು ಪ್ರತಿ ಸಲವೂ ಜಾರಿಕೊಂಡಿದ್ದಳು.

ಫೋಟೋ ಅರಣ್ಯ ಕಚೇರಿಗೆ ಹೋಗಿ ತಾಸಿನೊಳಗೆ ಜೀಪು ಬಂತು. ಅರಣ್ಯಾಧಿಕಾರಿ ರೇಣುಕಾ ಇಳಿದರು.

“ಫೋನ್ ಮಾಡಿದವರು ನೀವಾ? ಒಳಗ ಬರ್ರಿ. ನಿಮ್ಮ ಎದುರಿಗೇ ನೋಡೂಣು.”

ಬಾಗಿ ಒಳಹೋಗುವಾಗ ಪ್ರಾಚಿಯ ತುರುಬಿನ ಬ್ರಷ್ ಚೌಕಟ್ಟಿಗೆ ತಾಗಿತು. ಸರಿಪಡಿಸಿಕೊಂಡಳು.

ರೇಣುಕಾ ಚೀಲ ಕೊಡವಿದರು. ಬೂದು, ಕಪ್ಪು, ಕಂದು ಕೂದಲು ರಾಶಿಯಾಗಿ ಬಿತ್ತು.

“ತೋಳದ್ದು!” ಎಂದಳು ಪ್ರಾಚಿ. ತನ್ನ ದನಿ ತನಗೇ ದೊಡ್ಡದೆನಿಸಿತು.

ಮಹಾದೇವ ಚಹಾದ ಕಪ್ಪು ಕೆಳಗಿಟ್ಟ. “ಯಕ್ಕಾ, ತೋಳ ನನ್ನ ಕಡಿ ಆಡ ತಿನ್ನಾಕ ಬರ್ತೈತಿ, ಕಟಿಂಗ್ ಮಾಡಿಸ್ಕೊಳ್ಳಾಕ ಬರೂದಿಲ್ಲ. ಇವು ನಮ್ಮ ಆಡಿನ ಬಾಲದ ಕೂದಲ, ಚಾಚಾನ ಬ್ರಷ್ಷಿಗೆ.”

“ಮತ್ತ ಬಾಗಲಾ ಯಾಕ ಮುಚ್ತೀರಿ?”

“ತಗದರ ಗಾಳಿಗೆ ಓಣಿ ತುಂಬ ಹಾರ್ತಾವು. ನೀವು ಬಂದು ಆರಿಸ್ತೀರೇನು?”

ರೇಣುಕಾ ಒಂದೆರಡು ಎಳೆಯನ್ನು ಭೂತಗನ್ನಡಿಯ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು. “ಆಡಿಂದೇ.”

ಪ್ರಾಚಿಗೆ ನೆಲ ಬಿರಿಯಬಾರದೇ ಅನಿಸಿತು. ನಾಲ್ಕು ರವಿವಾರ, ಮೂರು ಫೋನು, ಡೈರಿಯ ಹತ್ತು ಪುಟ.

“ಆಡಿನ ಕೂದಲಿಂದ ಬ್ರಷ್ ಚಲೋ ಆಗ್ತಾವೇನ್ರಿ?” ರೇಣುಕಾ ಹೊರಡುತ್ತ ಯಾಕೂಬನನ್ನು ಕೇಳಿದರು.

“ಅಷ್ಟಕ್ಕಷ್ಟೇ ಮೇಡಂ. ಮೊನಿ ನಿಂದ್ರೂದಿಲ್ಲ. ಮೊದಲ ಮುಂಗುಸಿ ಕೂದಲದ್ದು ಕಟ್ತಿದ್ನಿ. ಹಿಡಿ ಬ್ರಷ್ಷಿಗೆ ಎಷ್ಟು ಜೀವ ಹೋಗ್ತಾವಂತ, ಅದು ಕಾಯ್ದೆಕ್ಕೂ ತಪ್ಪಂತ ತಿಳಿದ ಮ್ಯಾಲೆ ಬಿಟ್ಟೇನಿ.”

ರೇಣುಕಾ ನಿಂತರು. “ಉಳದ ಮಾಲು?”

“ಸುಟ್ಟೇನಿ. ಕೊಟ್ಟಿದ್ದನ್ನೂ ಮನಿ ಮನಿಗೆ ಹೋಗಿ ತಿರುಗಿ ತಂದು ಸುಟ್ಟೇನಿ.”

“ಎಲ್ಲಾ?”

ಯಾಕೂಬ ನೆಲ ನೋಡಿದ. “ಒಂದು ಉಳದೈತ್ರಿ. ಮೂರು ಸಲ ಕೇಳೇನಿ.”

ಪ್ರಾಚಿಯ ಕೈ ತಾನಾಗಿಯೇ ತುರುಬಿಗೆ ಹೋಯಿತು.