ಟೀಚರ್ ಮನೆ ಮುಂದೆ ಗಟ್ಟಿಮೇಳ

ಪ್ರಿಯಂವದಾ ಟೀಚರ್ ಕಿಟಕಿಯಲ್ಲಿ ಕೈ ಎತ್ತಿ ಆಡಿಸಿದ್ದೇ ತಡ, ಬೀದಿಯಲ್ಲಿ ಗೂಡ್ಸ್ ಆಟೊ ಮೇಲೆ ಕೂತಿದ್ದ ಗಂಗುಲಪ್ಪ ನಾಗಸ್ವರವನ್ನು ತಾರಕಕ್ಕೇರಿಸಿದ. ಮದುವೆಗಳಲ್ಲಿ ಊದಿ ಊದಿಯೇ ಮುದುಕನಾದವನು. ಪುರೋಹಿತರ ಕೈ ಹಾಗೆ ಆಡಿತೆಂದರೆ ಗಟ್ಟಿಮೇಳ. ತಾಳಿ ಕಟ್ಟುವ ಹೊತ್ತಿಗೆ ಕೆಟ್ಟ ಮಾತೊಂದೂ ಕಿವಿಗೆ ಬೀಳಬಾರದು. ಈ ಟೀಚರ್ ಮದುವೆಗೆ ಊದಿದ್ದವನೂ ಅವನೇ. ಅದನ್ನೇ ನೆನೆದು ಕೇಳುತ್ತಿದ್ದಾರೆ ಅಂದುಕೊಂಡ.

ಕೊರೊನಾಕ್ಕೆ ಸೀಲ್‌ಡೌನ್ ಆಗಿದ್ದ ಚಿಂತಾಮಣಿಯ ಬೀದಿಗಳಿಗೆ ಧೈರ್ಯ ತುಂಬಲೆಂದು ಅಣ್ಣತಮ್ಮ ಹೊರಟು ಅಂದಿಗೆ ನಾಲ್ಕನೇ ದಿನ. ತಮ್ಮನ ಡೋಲು ಗುಡುಗಿತು. ಮಹಡಿಗಳ ಮೇಲೆ ಜನ ಚಪ್ಪಾಳೆ ತಟ್ಟಿದರು, ಯಾರೋ ಹಿಡಿ ಅಕ್ಕಿಯನ್ನೇ ಎರಚಿದರು. ಟೀಚರ್ ಕೈ ಇನ್ನೂ ಜೋರಾಗಿ ಆಡಿತು. “ಬಿಡ್ಬೇಡಣ್ಣಾ, ಊದು!” ಎಂದ ತಮ್ಮ. ಗಂಗುಲಪ್ಪ ಕೆನ್ನೆಯುಬ್ಬಿಸಿ ಊದಿದ.

ಆ ಕೈ ಸೋತು ಕೆಳಗಿಳಿದಾಗಲೇ, ಇನ್ನೊಂದು ಕೈಯಲ್ಲಿ ಅವರು ಕಿವಿಗೊತ್ತಿ ಹಿಡಿದಿದ್ದ ಫೋನು ಅವನಿಗೆ ಕಂಡದ್ದು. ವಾಲಗ ನಿಂತಿತು.

“ನಮ್ಮೆಜಮಾನ್ರು ಆಸ್ಪತ್ರೆಯಿಂದ ಮಾಡಿದ್ರು,” ಎಂದರು ಟೀಚರ್, ಸದ್ದಿಲ್ಲದ ಫೋನನ್ನು ಕಿವಿಯಿಂದ ತೆಗೆಯದೆ. “ವೆಂಟಿಲೇಟರ್ ಹಾಕೋಕ್ ಮುಂಚೆ ಏನೋ ಹೇಳ್ತಿದ್ರು. ನಿಲ್ಸು ಅಂತ ಅಷ್ಟು ಕೈ ಆಡಿಸಿದ್ನಲ್ಲ, ಗಂಗುಲಪ್ಪಾ.”