ಮೂರೇ ಬಾಯಿ

ಏಳನೆಯ ದೀಪ ಹೊತ್ತಲಿಲ್ಲ.

ಗಾಜಿನ ಆಚೆ ಹನ್ನೆರಡು ಮಂದಿ ಕುಳಿತಿದ್ದರು. ಪ್ರತಿಯೊಬ್ಬರ ಕುರ್ಚಿಯ ತೋಳಿನಲ್ಲೂ ಒಂದು ಗುಂಡಿ. ನಗು ಬಂದಾಗ ಅದನ್ನು ಒತ್ತಬೇಕು; ಒತ್ತಿದರೆ ಈಚೆಯ ಹಲಗೆಯ ಮೇಲೆ ಆ ಸಂಖ್ಯೆಯ ದೀಪ ಹೊತ್ತುತ್ತದೆ. ಐದು ನಿಮಿಷಗಳಲ್ಲಿ ಹನ್ನೊಂದು ದೀಪಗಳು ಮತ್ತೆ ಮತ್ತೆ ಹೊತ್ತಿ ಆರಿದ್ದವು. ಏಳನೆಯದು ಒಮ್ಮೆಯೂ ಇಲ್ಲ.

"ಏಳನೇದು ನಿನ್ನ ಕಡೆಯವರೇ ಅಲ್ವಾ ಅಣ್ಣ?" ತಂಗಿ ಕೇಳಿದಳು.

ಅಣ್ಣ ಹಲಗೆಯತ್ತ ಬಗ್ಗಿದ.

ಗಾಜು ಎರಡು ಪದರದ್ದು. ಆಚೆಯ ಸದ್ದು ಈಚೆಗಿಲ್ಲ, ಈಚೆಯದು ಆಚೆಗಿಲ್ಲ. ನಗುವವರ ಭುಜ ಕುಲುಕುವುದಷ್ಟೇ ಕಾಣುತ್ತಿತ್ತು. ಈಚೆ ಮೂವರೂ ಒಂದೊಂದು ಕಿವಿಗೆ ಹೆಡ್‌ಫೋನ್ ಒತ್ತಿಕೊಂಡು ಧಾರಾವಾಹಿಯನ್ನು ಕೇಳುತ್ತಿದ್ದರು: ಬರೆದ ಅಣ್ಣ, ಚಿತ್ರಿಸಿದ ತಂಗಿ, ತೀರ್ಪು ಕೊಡಬೇಕಾದ ವಾಹಿನಿಯ ಅಧಿಕಾರಿಣಿ.

ಧಾರಾವಾಹಿ ಜಪಾನಿನ ಅನಿಮೆ ಕಾರ್ಟೂನುಗಳ ಶೈಲಿಯ ಅಣಕ. ನಾಯಕ ಅಂಚೆ ಗುಮಾಸ್ತ. ಹೊಡೆಯುವ ಮೊದಲು ಹೊಡೆತದ ಹೆಸರನ್ನು ಪೂರ್ತಿಯಾಗಿ ಕೂಗಿ ಹೇಳುತ್ತಾನೆ. ಹೆಸರು ನಾಲ್ಕು ನಿಮಿಷ ಉದ್ದ. ಅಷ್ಟೂ ಹೊತ್ತು ಶತ್ರು ಕೈಕಟ್ಟಿ ವಿನಯದಿಂದ ಕಾಯುತ್ತಾನೆ. ಕಿಟಕಿಯೇ ಇಲ್ಲದ ಕೋಣೆಯಲ್ಲಿ ಇಬ್ಬರ ಕೂದಲೂ ಗಾಳಿಗೆ ಹಾರುತ್ತಿರುತ್ತದೆ.

ಹತ್ತು ಕಂತುಗಳನ್ನು ಇಬ್ಬರೂ ಒಂದೇ ಮೇಜಿನಲ್ಲಿ ಕುಳಿತು ಮಾಡಿದ್ದರು. ಹನ್ನೊಂದನೆಯದಕ್ಕೆ ಮೇಜು ಎರಡಾಯಿತು. ಮಾತೇ ಈ ಧಾರಾವಾಹಿಯ ಬಲ, ಚಿತ್ರವೇ ಅದರ ದೌರ್ಬಲ್ಯ ಎಂದು ಅಣ್ಣ ವಾಹಿನಿಗೆ ಬರೆದುಕೊಟ್ಟ. ನಾಯಕ ಬೀಳುವ ದೃಶ್ಯ ಪ್ರತಿ ಕಂತಿನಲ್ಲೂ ಅದೇ. ಪಾತ್ರಗಳಿಗೆಲ್ಲ ಮೂರೇ ಬಾಯಿ: ಮುಚ್ಚಿದ್ದು, ಅರೆ ತೆರೆದದ್ದು, ಪೂರ್ತಿ ತೆರೆದದ್ದು. ಆದ್ದರಿಂದ ಬೇರೆ ಚಿತ್ರಕಾರರು ಬೇಕು. ತಂಗಿಯ ಉತ್ತರ ಒಂದೇ ಸಾಲು: ಆ ಮೂರು ಬಾಯಿಗಳೇ ಅಣಕ.

ಅಧಿಕಾರಿಣಿ ಒಂದು ಅಳತೆಯನ್ನು ಗೊತ್ತುಮಾಡಿದ್ದರು. ಧಾರಾವಾಹಿಯನ್ನು ಎಂದೂ ನೋಡದ ಹನ್ನೆರಡು ಮಂದಿಗೆ ಹೊಸ ಕಂತನ್ನು ತೋರಿಸುವುದು. ಪಾತ್ರದ ಬಾಯಿ ತೆರೆದಿರುವಾಗ ಬಂದ ನಗು ಮಾತಿನ ಲೆಕ್ಕಕ್ಕೆ, ಮುಚ್ಚಿರುವಾಗ ಬಂದದ್ದು ಚಿತ್ರದ ಲೆಕ್ಕಕ್ಕೆ. ಮಾತಿನ ಪಾಲು ಹೆಚ್ಚಾದರೆ ತಂಗಿ ಹೊರಗೆ. ಹನ್ನೆರಡು ಮಂದಿಯಲ್ಲಿ ಒಬ್ಬೊಬ್ಬರನ್ನು ಆರಿಸುವ ಹಕ್ಕು ಇಬ್ಬರಿಗೂ ಇತ್ತು. ತಂಗಿ ಆ ಹಕ್ಕನ್ನು ಬಳಸಲಿಲ್ಲ. ಅಣ್ಣ ಬಳಸಿದ.

"ಹದಿನಾಲ್ಕು ವರ್ಷ ನನ್ನ ರೇಡಿಯೋ ನಾಟಕ ಒಂದನ್ನೂ ಬಿಟ್ಟವರಲ್ಲ," ಎಂದ ಅವನು ಈಗ, ಹಲಗೆಯಿಂದ ಕಣ್ಣು ತೆಗೆಯದೆ. "ನಿನ್ನ ಬಣ್ಣಕ್ಕೆಲ್ಲ ಮರುಳಾಗೋರೂ ಅಲ್ಲ."

"ಮತ್ತೆ ಯಾಕೆ ಗುಮ್ಮನ ಹಾಗೆ ಕೂತಿದ್ದಾರೆ?"

ಏಳನೆಯ ಕುರ್ಚಿಯ ಮುದುಕರು ಗುಂಡಿಯ ಮೇಲೆ ಬೆರಳಿಟ್ಟು ನೆಟ್ಟಗೆ ಕುಳಿತಿದ್ದರು. ಮುಖ ಪರದೆಯತ್ತ ಇರಲಿಲ್ಲ. ಪಕ್ಕದ ಗೋಡೆಯತ್ತ ತಿರುಗಿತ್ತು. ಯಾರಾದರೂ ಅವರ ತಲೆ ಕೆಡಿಸಿದರೇ? ಅಣ್ಣ ತಂಗಿಯನ್ನು ಓರೆಗಣ್ಣಿನಿಂದ ನೋಡಿದ. ಆಚೆ ಹೋಗಿ ಕೇಳುವಂತಿರಲಿಲ್ಲ. ಪ್ರದರ್ಶನ ಮುಗಿಯುವವರೆಗೆ ಯಾರೂ ತುಟಿ ಬಿಚ್ಚಬಾರದು, ಯಾರನ್ನೂ ಏನನ್ನೂ ಕೇಳಬಾರದು ಎಂದು ಅಧಿಕಾರಿಣಿ ಹನ್ನೆರಡು ಮಂದಿಗೂ ಮೊದಲೇ ಕಟ್ಟಪ್ಪಣೆ ಮಾಡಿದ್ದರು.

ಒಂಬತ್ತನೆಯ ನಿಮಿಷ. ನಾಯಕ ಹೊಡೆತದ ಹೆಸರನ್ನು ಶುರುಮಾಡಿದ. ಹನ್ನೊಂದು ದೀಪಗಳೂ ಒಟ್ಟಿಗೆ ಹೊತ್ತಿದವು.

ತಂಗಿ ಹುಬ್ಬು ಗಂಟಿಕ್ಕಿದಳು. "ಅಣ್ಣ, ನಿನ್ನ ಜೋಕ್ ಇನ್ನೂ ಬಂದೇ ಇಲ್ಲ. ಅವನು ಬಾಯಿ ತೆರೆದ ತಕ್ಷಣ ನಗ್ತಿದ್ದಾರೆ."

"ನನ್ನ ಮಾತಿಗೆ ಕಾಯೋ ತಾಳ್ಮೆಯೂ ಇಲ್ಲ ಅವರಿಗೆ. ಹೊಟ್ಟೆ ಉರ್ಕೋಬೇಡ."

ನಾಲ್ಕನೆಯ ಕುರ್ಚಿಯ ಹೆಂಗಸು ನಾಯಕನಂತೆಯೇ ಬಾಯನ್ನು ತೆರೆದು ಮುಚ್ಚಿ, ತೆರೆದು ಮುಚ್ಚಿ ಪಕ್ಕದವಳಿಗೆ ತೋರಿಸಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕರು.

"ನೋಡಮ್ಮ! ನನ್ನ ಸಾಲನ್ನ ಆಗಲೇ ಬಾಯಿಪಾಠ ಮಾಡಿಕೊಂಡ್ಲು."

ಪರದೆಯ ಮೇಲೆ ಬಾಯಿ ತೆರೆದಾಗಲೆಲ್ಲ ದೀಪಗಳು ಹೊತ್ತಿದವು. ಒಂದೊಂದು ದೀಪವೂ ತಂಗಿಯನ್ನು ಬಾಗಿಲಿನತ್ತ ಒಂದು ಹೆಜ್ಜೆ ನೂಕುತ್ತಿತ್ತು.

ಇಪ್ಪತ್ತೆರಡನೆಯ ನಿಮಿಷಕ್ಕೆ ಪರದೆ ಕಪ್ಪಾಯಿತು. ಅಧಿಕಾರಿಣಿ ಕೂಡಿದರು, ಕಳೆದರು, ಇನ್ನೊಮ್ಮೆ ಕೂಡಿದರು.

"ಒಟ್ಟು ನೂರ ತೊಂಬತ್ತೆಂಟು. ಬಾಯಿ ತೆರೆದಾಗ ನೂರ ಅರವತ್ತೈದು. ಮುಚ್ಚಿದಾಗ ಮೂವತ್ತಮೂರು. ಆರರಲ್ಲಿ ಐದು ಪಾಲು ಮಾತಿಗೆ." ಅವರು ಕನ್ನಡಕ ತೆಗೆದರು. "ಬೇಜಾರು ಮಾಡ್ಕೋಬೇಡಮ್ಮ. ಲೆಕ್ಕ ಲೆಕ್ಕವೇ."

ರಾಜೀನಾಮೆ ಪತ್ರ ಮೊದಲೇ ಟೈಪಾಗಿತ್ತು. ತಂಗಿ ಅದನ್ನು ಎರಡು ಸಲ ಓದಿದಳು.

"ಇನ್ನೇನು ಓದ್ತೀಯ? ಹಾಕು ಸಹಿ," ಎಂದ ಅಣ್ಣ.

"ಬೇರೆ ಯಾರೇ ಬರಲಿ, ಆ ಬಾಯಿಗಳನ್ನ ಮಾತ್ರ ಇಟ್ಕೋ ಅಣ್ಣ. ಕೈ ಮುಗೀತೀನಿ."

"ಮೊದಲು ಅಳಿಸೋದೇ ಅವನ್ನ."

ಅವಳು ಸಹಿ ಹಾಕಿದಳು. ಅಧಿಕಾರಿಣಿ ಪತ್ರವನ್ನು ಎಳೆದುಕೊಂಡು ಪೆನ್ನು ಎತ್ತಿದವರು ತಡೆದರು.

"ಏಳನೆಯವರದು ಶೂನ್ಯ. ಶೂನ್ಯಕ್ಕೂ ಕಾರಣ ಬರೀಬೇಕು. ಆಮೇಲೆ ನನ್ನ ಸಹಿ."

ಮೂವರೂ ಆಚೆಯ ಕೋಣೆಗೆ ಹೋದರು. ಹನ್ನೊಂದು ಮಂದಿ ಕಣ್ಣೊರೆಸಿಕೊಳ್ಳುತ್ತ ಹೊರಡುತ್ತಿದ್ದರು. ಮುದುಕರ ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು.

"ಏನು ಯಜಮಾನ್ರೇ," ಎಂದ ಅಣ್ಣ, ಗೆದ್ದವನ ಉದಾರತೆಯಿಂದ. "ಇಡೀ ಕೋಣೆ ನಕ್ಕಿತು. ನೀವೊಬ್ಬರೇ ನನ್ನ ಮಾನ ಕಳೆದ್ರಲ್ಲ!"

ಮುದುಕರು ದನಿ ಬಂದ ದಿಕ್ಕಿಗೆ ಮುಖ ತಿರುಗಿಸಿದರು. ಕುರ್ಚಿಗೆ ಒರಗಿಸಿದ್ದ ಬಿಳಿ ಕೋಲನ್ನು ತಡಕಿ ಎತ್ತಿಕೊಂಡರು.

"ಅವರೆಲ್ಲ ಏನು ನೋಡಿ ನಕ್ಕರೋ ಕಣ್ಣಿಲ್ಲದ ನನಗೇನು ಗೊತ್ತಪ್ಪ? ನಿನ್ನ ಮಾತು ಈಗ ಬರುತ್ತೆ, ಆಗ ಬರುತ್ತೆ ಅಂತ ಕಾದೆ. ಪರದೆ ಕಡೆಯಿಂದ ಕೊನೆವರೆಗೂ ಒಂದು ಸದ್ದೂ ಬರಲಿಲ್ಲ."