ತೋಳು ಹಿಡಿದ ಕೈ

"ಸರ್, ನೀವು ಅಮ್ಮನ ತೋಳು ಬಿಡಬೇಕು," ಎಂದಳು ಅವನ ಹೆಂಡತಿಯ ಬಲಗಾಲಿಗೆ ತೊಡಿಸಿದ್ದ ಯಂತ್ರದ ಬೂಟನ್ನು ಪರೀಕ್ಷಿಸುತ್ತಿದ್ದ ಎಂಜಿನಿಯರ್. "ಭಾರವೆಲ್ಲ ನಿಮ್ಮ ಕೈಮೇಲೆ ಬೀಳ್ತಿದೆ. ಪಾದ ಊರಿದ್ದು ಬೂಟಿಗೆ ಗೊತ್ತಾದ್ರೆ ತಾನೇ ಅದು ಕಾಲೆತ್ತೋದು?"

"ಬಿದ್ರೆ?" ಎಂದ ಗಂಡ. ಲಕ್ವ ಹೊಡೆದ ಮೇಲೆ ಹೆಂಡತಿ ಅವನ ಕೈಯಿಲ್ಲದೆ ಬಚ್ಚಲಿಗೂ ಹೋದವಳಲ್ಲ.

"ಬಿದ್ರೆ ಎತ್ತೋಕೆ ನೀವಿದ್ದೀರಲ್ಲ, ಬಿಡ್ರೀ," ಎಂದು ಹೆಂಡತಿಯೇ ಗದರಿದಳು.

ಅವನು ಬಿಟ್ಟ. ಬೂಟು ಗುಂಯ್ ಎಂದಿತು. ಇಷ್ಟು ದಿನ ನೆಲ ಗುಡಿಸಿಕೊಂಡು ಬರುತ್ತಿದ್ದ ಬಲಗಾಲು ಮೇಲೆದ್ದು ಮುಂದೆ ಬಂತು. ಇನ್ನೊಂದು ಹೆಜ್ಜೆ, ಮತ್ತೊಂದು. ಅವನು ಪಕ್ಕದಲ್ಲೇ ನಡೆದ.

ಕೋಣೆಯ ಆ ತುದಿಯ ಗೋಡೆ ಮುಟ್ಟಿ ಅವಳು ತಿರುಗಿ ನೋಡಿದಳು. ಗಂಡನ ಕೈ ಇನ್ನೂ ಅವಳ ಮೊಣಕೈ ಎತ್ತರದಲ್ಲೇ, ಬರೀ ಗಾಳಿಯನ್ನು ಹಿಡಿದುಕೊಂಡು ನಿಂತಿತ್ತು.

"ಸಾಕು, ಇನ್ನು ಕೈ ಇಳಿಸ್ರೀ," ಎಂದಳು. "ನೋವಾಗುತ್ತೆ."